‘ಗೊತ್ತಿಲ್ಲ, ಕೇಳಿ ಹೇಳ್ತೀನಿ’

“ನೀವು ಹುಟ್ಟಿದ ತಕ್ಷಣ ಅತ್ತಿದ್ರಾ? ಮನೆಯಲ್ಲಿ ಯಾರಾದ್ರೂ ಹೇಳಿದ್ದು ನೆನಪಿದೆಯಾ?”

ನನಗೆ ಆಗ 27 ವರ್ಷ. ಮೊಬೈಲ್ ರಿಂಗಾದರೆ ಎದೆ ಹಿಡಿದುಕೊಳ್ಳುತ್ತದೆ, ಉಸಿರು ಸಿಗುವುದಿಲ್ಲ ಎಂದು ಹೇಳಿಕೊಳ್ಳಲು ಬೆಳಿಗ್ಗೆ ಏಳಕ್ಕೇ ಹೋಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದೆ. ಎದುರಿಗೆ ಕುಳಿತಿದ್ದವರು ನನಗಿಂತ ಎರಡು ಮೂರು ವರ್ಷ ಚಿಕ್ಕವರಂತೆ ಕಾಣುತ್ತಿದ್ದರು. ಕೈಯಲ್ಲಿ ಕ್ಲಿಪ್ ಹಾಕಿದ ಹಾಳೆಗಳು. ಒಂದು ಪ್ರಶ್ನೆ ಕೇಳುವುದು, ಉತ್ತರ ಬರೆದುಕೊಳ್ಳುವುದು, ಪಕ್ಕದಲ್ಲಿ ಟಿಕ್ ಹಾಕುವುದು.

“ಅಮ್ಮನನ್ನ ಕೇಳಬೇಕು” ಎಂದೆ.

“ಪರವಾಗಿಲ್ಲ” ಎನ್ನುತ್ತಾ ಅಲ್ಲೊಂದು ಪ್ರಶ್ನೆ ಗುರುತು ಹಾಕಿಕೊಂಡರು. “ಜೊತೆಗೆ ಯಾರು ಬಂದಿದ್ದಾರೆ?”

“ಯಾರೂ ಇಲ್ಲ.”

ಅದನ್ನೂ ಬರೆದುಕೊಂಡರು. ಶುರುವಿನಲ್ಲೇ ಅವರು ತಮ್ಮ ಪರಿಚಯ ಹೇಳಿದ್ದರು. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಮಾಡುತ್ತಿದ್ದಾರೆ, ಇನ್ನೂ ಟ್ರೇನಿ, ಹಿರಿಯ ಸೈಕಾಲಜಿಸ್ಟ್ ಒಬ್ಬರ ಮೇಲ್ವಿಚಾರಣೆಯಲ್ಲಿ ನನ್ನನ್ನು ನೋಡುತ್ತಾರೆ, ಇದಕ್ಕೆ ನನ್ನ ಒಪ್ಪಿಗೆ ಇದೆಯಾ ಎಂದು ಕೇಳಿದ್ದರು. ತಲೆಯಾಡಿಸಿದ್ದೆ. ಒಳಗೊಳಗೇ ಮಾತ್ರ ಅಂದುಕೊಂಡಿದ್ದೆ: ‘ಇಲ್ಲೂ ನನ್ನ ಪಾಲಿಗೆ ಬಂದಿದ್ದು ವೇಯ್ಟಿಂಗ್ ಲಿಸ್ಟೇ!’

ಒಂದೂವರೆ ಅಂಕ

ನಾನು ಚಳ್ಳಕೆರೆ ಕಡೆಯವನು. ಅಪ್ಪನಿಗೆ ನಾಲ್ಕು ಎಕರೆ ಖುಷ್ಕಿ ಜಮೀನು, ಮಳೆ ಬಂದರೆ ಶೇಂಗಾ. ಬಿ.ಎ. ಮುಗಿಸಿ ಬೆಂಗಳೂರಿಗೆ ಬಂದು, ವಿಜಯನಗರದಲ್ಲಿ ಮೂವರ ಜೊತೆ ರೂಮು ಮಾಡಿಕೊಂಡು, ತಿಂಗಳ ಬಾಡಿಗೆಯ ರೀಡಿಂಗ್ ರೂಮಿನಲ್ಲಿ ಕುಳಿತು ಓದಿದ್ದು ಮೂರು ವರ್ಷ. ವಿಜಯನಗರ ಗೊತ್ತಿದ್ದವರಿಗೆ ಆ ಬದುಕನ್ನು ವಿವರಿಸಬೇಕಿಲ್ಲ. ಮೆಸ್ಸಿನ ಊಟ, ಜೆರಾಕ್ಸ್ ನೋಟ್ಸು, ಕೀ ಆನ್ಸರ್ ಬಂದ ರಾತ್ರಿ ಯಾರೂ ಮಲಗದ ರೂಮುಗಳು.

ಎಫ್‌ಡಿಎ ಪರೀಕ್ಷೆಯಲ್ಲಿ ನನಗೆ ಕಟ್‌ಆಫ್‌ಗಿಂತ ಒಂದೂವರೆ ಅಂಕ ಕಡಿಮೆ ಬಂತು. ಪಟ್ಟಿ ಬಂದ ದಿನ ಸಂಜೆ ಅಪ್ಪ ಫೋನ್ ಮಾಡಿದ. “ಏನಾಯ್ತಪ್ಪಾ?” ಅಂದ. ಯಾವ ಘಳಿಗೆಯಲ್ಲಿ ಬಾಯಿಗೆ ಬಂತೋ ಗೊತ್ತಿಲ್ಲ, “ಆಯ್ತಪ್ಪಾ, ಲಿಸ್ಟಲ್ಲಿ ಹೆಸರೈತೆ” ಎಂದುಬಿಟ್ಟೆ. ಮರುದಿನ ಬೆಳಿಗ್ಗೆ ನಿಜ ಹೇಳಿದರಾಯಿತು ಎಂದುಕೊಂಡು ಮಲಗಿದೆ. ಅಷ್ಟರೊಳಗೆ ಅಪ್ಪ ಊರಿನ ಹೋಟೆಲಿನಲ್ಲಿದ್ದವರಿಗೆಲ್ಲ ಮಂಡಕ್ಕಿ, ಮಿರ್ಚಿ, ಟೀ ಕೊಡಿಸಿಯಾಗಿತ್ತು. ಅಮ್ಮ ದೇವರಿಗೆ ಹರಕೆ ತೀರಿಸಿದ್ದಳು.

ಅಲ್ಲಿಂದ ಆರು ತಿಂಗಳು ಆ ಒಂದು ಸುಳ್ಳನ್ನು ಸಾಕಿದೆ. ‘ದಾಖಲಾತಿ ಪರಿಶೀಲನೆ ಆಗ್ತಿದೆ’, ‘ಯಾರೋ ಕೋರ್ಟಿಗೆ ಹೋಗಿದಾರೆ’, ‘ಆರ್ಡರ್ ಕಾಪಿ ಬರೋದು ತಡ’. ನಮ್ಮಲ್ಲಿ ಈ ಕಾರಣಗಳನ್ನು ಯಾರೂ ಅನುಮಾನಿಸುವುದಿಲ್ಲ, ಯಾಕೆಂದರೆ ನಿಜವಾಗಿ ಆಯ್ಕೆಯಾದವರದ್ದೂ ಇದೇ ಕಥೆ. ಪ್ರತಿ ಭಾನುವಾರ ಅಪ್ಪನ ಫೋನು. “ಆರ್ಡ್ರು ಬಂತೇನಪ್ಪಾ?” ಮೊದಮೊದಲು ಕೈ ಬೆವರುತ್ತಿತ್ತು. ಆಮೇಲೆ ಯಾರ ಫೋನು ಬಂದರೂ ಎದೆ ಬಡಿತ ಏರಿ, ಬೆರಳುಗಳು ಜುಮ್ಮೆನ್ನತೊಡಗಿದವು. ಒಂದು ರಾತ್ರಿ ಸತ್ತೇ ಹೋಗುತ್ತೇನೆ ಅನಿಸಿತು. ರೂಮ್‌ಮೇಟ್ ಆಟೊದಲ್ಲಿ ಆಸ್ಪತ್ರೆಗೆ ಕರೆದೊಯ್ದ. ಇಸಿಜಿ ನಾರ್ಮಲ್. ಅಲ್ಲಿನ ಡಾಕ್ಟರು, “ಇದು ಪ್ಯಾನಿಕ್ ಅಟ್ಯಾಕ್ ಇರಬಹುದು, ಮಾನಸಿಕ ಆರೋಗ್ಯ ವಿಭಾಗಕ್ಕೆ ತೋರಿಸಿ” ಎಂದು ಚೀಟಿ ಬರೆದುಕೊಟ್ಟರು.

ಖಾಸಗಿ ಥೆರಪಿಸ್ಟ್ ಒಬ್ಬರಿಗೆ ಫೋನ್ ಮಾಡಿ ಕೇಳಿದೆ. ಒಂದು ಸೆಷನ್ನಿಗೆ ಒಂದೂವರೆ ಸಾವಿರ ರೂಪಾಯಿ. ನನ್ನ ಪಾಲಿನ ರೂಮು ಬಾಡಿಗೆಯ ಅರ್ಧ. ಹಾಗಾಗಿ ಬೋಧನಾ ಆಸ್ಪತ್ರೆಯೊಂದರ ಸಾಲಿನಲ್ಲಿ ನಿಂತೆ. ಮನೋವೈದ್ಯರು ಪರೀಕ್ಷಿಸಿ, ಕೆಲವು ವಾರಗಳಿಗೆ ಮಾತ್ರೆ ಬರೆದು, ಥೆರಪಿಗೆ ಕಳಿಸಿದರು. ಹಾಗೆ ಸಿಕ್ಕವರೇ ಈ ಟ್ರೇನಿ ಮೇಡಂ.

ಯಾರು ಇವರು?

ನನಗೆ ಆಗ ಗೊತ್ತಿರಲಿಲ್ಲ, ಹಲವರಿಗೆ ಈಗಲೂ ಗೊತ್ತಿಲ್ಲ. ಮನೋವೈದ್ಯರು ಎಂಬಿಬಿಎಸ್ ಓದಿ, ಮೇಲೆ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮಾತ್ರೆ ಬರೆಯುವುದಿಲ್ಲ. ಮಾತಿನ ಮೂಲಕ, ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುತ್ತಾರೆ. ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಮೇಲೆ ಎರಡು ವರ್ಷದ ಎಂ.ಫಿಲ್. ಮಾಡುವುದು ಆಗ ಇಲ್ಲಿ ರೂಢಿಯಲ್ಲಿದ್ದ ದಾರಿ. ಆ ಎರಡು ವರ್ಷ ಪುಸ್ತಕದ ಓದಿನ ಜೊತೆಗೆ ಆಸ್ಪತ್ರೆಯಲ್ಲೇ ರೋಗಿಗಳನ್ನು ನೋಡಬೇಕಿತ್ತು. ಅದು ಮುಗಿದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ. ಅಂದರೆ ನನ್ನೆದುರಿಗೆ ಕುಳಿತಿದ್ದವರು ಏನೂ ಓದದೆ ಬಂದವರಲ್ಲ. ಆದರೆ ನಾನು ಅವರ ಕೆಲವೇ ಕೆಲವು ಮೊದಲ ‘ಕೇಸು’ಗಳಲ್ಲಿ ಒಬ್ಬನಾಗಿದ್ದೆ. ಅದನ್ನು ಅವರೇ ನಂತರ ಹೇಳಿದರು.

ಹುಟ್ಟಿದಾಗ ಅತ್ತಿರಾ ಎಂಬ ಪ್ರಶ್ನೆಯ ಹಿಂದೆಯೂ ಕಾರಣವಿತ್ತು. ಮಗು ತಡವಾಗಿ ಅತ್ತರೆ ಮಿದುಳಿಗೆ ಆಮ್ಲಜನಕ ಕಡಿಮೆಯಾಗಿರಬಹುದೇ ಎಂದು ನೋಡಲು ಕೇಸ್ ಹಿಸ್ಟರಿಯಲ್ಲಿ ಅದನ್ನು ಕೇಳುತ್ತಾರಂತೆ. ಇನ್ನೊಂದು ಹಾಳೆಯಲ್ಲಿ ನಮ್ಮ ವಂಶವೃಕ್ಷ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ತೀರಿಕೊಂಡವರ ಮೇಲೆ ಗೀಟು. ಅಪ್ಪನ ಚೌಕದಿಂದ ನನ್ನ ಚೌಕಕ್ಕೆ ಎಳೆದ ಗೆರೆಯನ್ನು ತೋರಿಸಿ, “ನಿಮ್ಮಿಬ್ಬರ ಸಂಬಂಧ ಹೇಗಿದೆ?” ಎಂದರು.

“ಚೆನ್ನಾಗಿದೆ” ಎಂದೆ. ಆ ದಿನ ಸುಳ್ಳಿನ ವಿಷಯ ಹೇಳಲಿಲ್ಲ.

ಎರಡನೇ ವಾರ ಸ್ನಾಯುಗಳನ್ನು ಬಿಗಿ ಮಾಡಿ ಸಡಿಲ ಬಿಡುವ ಅಭ್ಯಾಸ ಹೇಳಿಕೊಟ್ಟರು. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯ ಸುಮಾರು ನೂರು ವರ್ಷಗಳ ಹಿಂದೆ ರೂಪಿಸಿದ ವಿಧಾನವಿದು. ಮುಷ್ಟಿ ಬಿಗಿ ಹಿಡಿಯಬೇಕು, ಕೆಲವು ಸೆಕೆಂಡು ಹಾಗೇ ಇದ್ದು ನಿಧಾನಕ್ಕೆ ಬಿಡಬೇಕು. ಹೀಗೆ ಕೈ, ಹಣೆ, ಹೆಗಲು, ಹೊಟ್ಟೆ, ಕಾಲು. ಕಣ್ಣು ಮುಚ್ಚಿ ಕುಳಿತಿದ್ದ ನನಗೆ ಅವರು ಹಾಳೆ ತಿರುಗಿಸುವ ಸದ್ದು ಕೇಳಿಸುತ್ತಿತ್ತು. ಒಂದು ಕಡೆ ಎಡಗೈ ಎರಡು ಸಲ ಬಂತು, ಬಲಗೈ ಬಿಟ್ಟೇಹೋಯಿತು. ಕಣ್ಣು ಬಿಟ್ಟಾಗ ಅವರ ಹಣೆಯ ಮೇಲೂ ಬೆವರಿತ್ತು.

ರೂಮಿಗೆ ಬಂದು ಗೆಳೆಯನಿಗೆ ಹೇಳಿದೆ: “ಮಗಾ, ನನ್ನ ಮೇಲೆ ಪ್ರಾಕ್ಟೀಸ್ ಮಾಡ್ತಿದಾರೆ ಕಣೋ.”

“ಬಸ್ಸು ಹತ್ತಿದೀಯ, ಡ್ರೈವರ್ ಹೊಸಬ ಅಂತ ಮಧ್ಯದಲ್ಲಿ ಇಳೀಬೇಡ” ಎಂದ. ಅವನಿಗೆ ಮಾತಿಗೊಂದು ಗಾದೆ ಬೇಕು. ಆದರೂ ಇಳಿಯಲಿಲ್ಲ.

ತಪ್ಪಾಯ್ತು ಎಂದವರು

ಮೂರನೇ ವಾರ ಸುಳ್ಳಿನ ವಿಷಯ ಹೇಳಿದೆ. ಆರು ತಿಂಗಳಲ್ಲಿ ಮೊದಲ ಸಲ ಇನ್ನೊಬ್ಬರೆದುರು ಬಾಯಿಬಿಟ್ಟಿದ್ದೆ. ಇದಕ್ಕೂ ಮೊದಲು ಅವರು ಗೋಪ್ಯತೆಯ ಮಾತು ವಿವರಿಸಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಗೋಪ್ಯತೆ ರೋಗಿಯ ಹಕ್ಕು ಎಂದಿದೆ. ನನ್ನ ಪ್ರಾಣಕ್ಕೋ ಇನ್ನೊಬ್ಬರಿಗೋ ಅಪಾಯವಿದೆ ಎನ್ನುವಂಥ ಸಂದರ್ಭ ಬಿಟ್ಟರೆ ಚಿಕಿತ್ಸೆಯ ತಂಡದಿಂದಾಚೆ ವಿಷಯ ಹೋಗುವುದಿಲ್ಲ. ಅದನ್ನು ಕೇಳಿದ ಮೇಲೇ ನನಗೆ ಧೈರ್ಯ ಬಂದಿದ್ದು.

ಎಲ್ಲವನ್ನೂ ಕೇಳಿಸಿಕೊಂಡ ಅವರು, “ಮನೆಯವರಿಗೆ ಹೇಳಿಬಿಡಿ. ಅಪ್ಪ ಅಮ್ಮ ಅಲ್ವಾ, ಅರ್ಥ ಮಾಡ್ಕೊಳ್ತಾರೆ” ಎಂದರು.

ನನಗೆ ರೇಗಿಹೋಯಿತು. ಇದನ್ನು ಹೇಳಲು ಎಂ.ಫಿಲ್. ಬೇಕಾ? ಅಷ್ಟು ಸುಲಭವಾಗಿದ್ದರೆ ನಾನೇಕೆ ಇಲ್ಲಿಗೆ ಬರುತ್ತಿದ್ದೆ? ಏನೂ ಮಾತಾಡದೆ ಎದ್ದು ಬಂದೆ. ಮುಂದಿನ ವಾರ ಹೋಗಲಿಲ್ಲ. ಅದರ ಮುಂದಿನ ವಾರ ಮಾತ್ರೆ ಮುಗಿದಿದ್ದರಿಂದ ಡಾಕ್ಟರರನ್ನು ಕಾಣಲು ಆಸ್ಪತ್ರೆಗೆ ಹೋಗಲೇಬೇಕಾಯಿತು. ಅಷ್ಟು ದೂರ ಹೋದ ಮೇಲೆ, ‘ಇನ್ನು ಬರಲ್ಲ’ ಎಂದಾದರೂ ಹೇಳಿ ಬರೋಣ ಎಂದು ಅವರ ಕೋಣೆಯ ಬಾಗಿಲು ತಟ್ಟಿದೆ.

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: “ಹೋದ ಸಲ ನಾನು ಅವಸರ ಮಾಡಿದೆ. ನಿಮಗೆ ಎಷ್ಟು ಭಯ ಇದೆ ಅಂತ ಕೇಳದೇನೇ ಪರಿಹಾರ ಹೇಳಿಬಿಟ್ಟೆ. ನಿಮ್ಮಪ್ಪನ್ನ ನಾನು ನೋಡೇ ಇಲ್ಲ, ಅರ್ಥ ಮಾಡ್ಕೊಳ್ತಾರೆ ಅಂತ ಹೇಳೋಕೆ ನಾನ್ಯಾರು? ಸೂಪರ್‌ವೈಸರ್ ಹತ್ತಿರಾನೂ ಇದನ್ನ ಚರ್ಚೆ ಮಾಡಿದೆ. ತಪ್ಪು ನನ್ನದು.”

ನಾನು ಕುರ್ಚಿಯಲ್ಲಿ ಕುಳಿತೆ. ಮೇಜಿನ ಆ ಕಡೆ ಕುಳಿತವರು ಈ ಕಡೆಯವರಿಗೆ ‘ತಪ್ಪು ನನ್ನದು’ ಎಂದದ್ದನ್ನು ನನ್ನ ಜೀವನದಲ್ಲಿ ಅಲ್ಲಿಯವರೆಗೆ ಕೇಳಿರಲಿಲ್ಲ. ಮೇಷ್ಟ್ರು ಹೇಳಿರಲಿಲ್ಲ, ಕಚೇರಿಯ ಗುಮಾಸ್ತರು ಹೇಳಿರಲಿಲ್ಲ, ನಮ್ಮಪ್ಪನೂ ಹೇಳಿರಲಿಲ್ಲ. ಹೇಳಿದ ಮೇಲೂ ಅವರು ಮೇಡಂ ಆಗಿಯೇ ಉಳಿದಿದ್ದರು. ನಮ್ಮ ಮಾತು ಮುಂದುವರಿಯಿತು.

ಆ ರಾತ್ರಿ ಲೆಕ್ಕ ಹಾಕಿದೆ. ಅವರು ತಪ್ಪು ಮಾಡಿದರು, ಸಿಕ್ಕ ಮೊದಲ ಅವಕಾಶದಲ್ಲಿ ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದರು. ನಾನು ಮಾಡಿದ್ದು ಒಂದೂವರೆ ಅಂಕದ ತಪ್ಪು. ಅದನ್ನು ಮುಚ್ಚಲು ಆರು ತಿಂಗಳು ಖರ್ಚು ಮಾಡಿದ್ದೆ.

ಆಮೇಲಿನ ವಾರಗಳಲ್ಲಿ ಇನ್ನೊಂದನ್ನು ಗಮನಿಸಿದೆ. ನಾನು ಏನಾದರೂ ಕಷ್ಟದ ಪ್ರಶ್ನೆ ಕೇಳಿದರೆ ಅವರು ತಡವರಿಸುತ್ತಿರಲಿಲ್ಲ. “ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ” ಎನ್ನುತ್ತಿದ್ದರು. ಮುಂದಿನ ವಾರ ಕೇಳಿಕೊಂಡೇ ಬಂದಿರುತ್ತಿದ್ದರು. ಪ್ಯಾನಿಕ್ ಬಂದಾಗ ನಿಜವಾಗಿ ಹೃದಯ ನಿಲ್ಲಬಹುದೇ, ಮಾತ್ರೆ ಬಿಟ್ಟರೆ ಮತ್ತೆ ಬರುತ್ತದೆಯೇ ಎಂದೆಲ್ಲ ಕೇಳಿದ್ದೆ. ಮಾತ್ರೆಯ ಪ್ರಶ್ನೆಗೆ, “ಅದನ್ನ ಡಾಕ್ಟರೇ ಹೇಳಬೇಕು, ಬನ್ನಿ ಕೇಳೋಣ” ಎಂದು ಕರೆದೊಯ್ದರು. ಕೋಚಿಂಗ್ ಸೆಂಟರಿನಲ್ಲಿ ಮೂರು ವರ್ಷ ನಾನು ಕಲಿತಿದ್ದು, ಉತ್ತರ ಗೊತ್ತಿಲ್ಲದಿದ್ದರೂ ಯಾವುದೋ ಒಂದು ಆಪ್ಷನ್ನಿಗೆ ಶೇಡ್ ಮಾಡುವುದನ್ನು. ‘ಗೊತ್ತಿಲ್ಲ’ ಎನ್ನುವುದೂ ಒಂದು ಉತ್ತರ ಎಂದು ಇಲ್ಲಿ ನೋಡಿದೆ.

ನಮ್ಮಪ್ಪ ಹಂಗೆ ಮಾತಾಡಲ್ಲ

ಅಪ್ಪನಿಗೆ ಹೇಳಬೇಕೋ ಬೇಡವೋ ಎಂಬುದನ್ನು ನನಗೇ ಬಿಟ್ಟರು. ಅದರ ಬದಲು ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಹಾಕಿಸಿದರು. ಏನು ನಡೆಯಿತು, ಆಗ ಮನಸ್ಸಿಗೆ ಬಂದ ಯೋಚನೆ ಏನು, ಮೈಗೆ ಏನಾಯಿತು. ನಾನು ಬರೆದ ಮೊದಲ ಸಾಲು: ‘ಭಾನುವಾರ ಫೋನ್ ಬಂತು. ನಿಜ ಗೊತ್ತಾದರೆ ಅಪ್ಪ ಊರಲ್ಲಿ ತಲೆ ಎತ್ತಲ್ಲ. ಉಸಿರು ಕಟ್ಟಿತು.’ ನಾಲ್ಕು ವಾರ ಬರೆದ ಮೇಲೆ ನೋಡಿದರೆ ಮಧ್ಯದ ಕಾಲಮ್ಮಿನಲ್ಲಿ ಒಂದೇ ವಾಕ್ಯ ಬೇರೆ ಬೇರೆ ವೇಷದಲ್ಲಿ ಕುಳಿತಿತ್ತು. ಫೋನಿಗೆ ಹೆದರುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಹೆದರುತ್ತಿದ್ದುದು ಆ ವಾಕ್ಯಕ್ಕೆ.

ಅಕ್ಟೋಬರಿನಲ್ಲಿ ನಾನೇ ಹೇಳಿದೆ, “ಮೇಡಂ, ಅಪ್ಪಂಗೆ ಹೇಳಬೇಕು.” ಸರಿ, ಮೊದಲು ಇಲ್ಲೇ ಅಭ್ಯಾಸ ಮಾಡೋಣ ಎಂದರು. ಅವರು ಅಪ್ಪನಾಗುವುದು, ನಾನು ಫೋನ್ ಮಾಡುವುದು.

“ಹಲೋ, ಏನು ಮಗನೇ, ಹೇಗಿದ್ದೀಯಾ?” ಎಂದರು.

ನನಗೆ ನಗು ತಡೆಯಲಾಗಲಿಲ್ಲ. “ನಮ್ಮಪ್ಪ ಹಂಗೆ ಮಾತಾಡಲ್ಲ ಮೇಡಂ. ಸೀರಿಯಲ್ ಅಪ್ಪನ ಥರ ಆಯ್ತು.” ಅವರೂ ನಕ್ಕುಬಿಟ್ಟರು. ಒಂದು ಕ್ಷಣ ಯೋಚಿಸಿ, “ಹಾಗಾದ್ರೆ ನೀವೇ ಅಪ್ಪ ಆಗಿ. ನಾನು ನೀವಾಗ್ತೀನಿ” ಎಂದರು. ಕುರ್ಚಿಯನ್ನೂ ಬದಲಾಯಿಸಿಕೊಂಡೆವು.

ಅವರು ಫೋನ್ ಹಿಡಿದವರಂತೆ ಕೈ ಕಿವಿಗಿಟ್ಟು, “ಅಪ್ಪಾ, ಒಂದು ವಿಷಯ ಹೇಳಬೇಕಿತ್ತು” ಎಂದರು. ನಾನು ಅಪ್ಪನಾಗಿ ಬಾಯಿ ತೆರೆದೆ. ಬೈಗುಳ ಬರುತ್ತದೆ ಎಂದುಕೊಂಡಿದ್ದೆ. ಬಾಯಿಂದ ಬಂದ ಮಾತು, “ಉಂಡ್ಯೇನಪ್ಪಾ?”

ಅಪ್ಪ ಪ್ರತಿ ಸಲ ಫೋನ್ ಮಾಡಿದಾಗಲೂ ಮೊದಲು ಕೇಳುವುದು ಅದನ್ನೇ. ಆರ್ಡರಿನ ಮಾತು ಬರುವುದು ಅದರ ನಂತರ. ಈ ಆರು ತಿಂಗಳು, ಆಮೇಲಿನ ಮೂರು ತಿಂಗಳು, ನಾನು ಎರಡನೇ ಪ್ರಶ್ನೆಯನ್ನು ಮಾತ್ರ ಕೇಳಿಸಿಕೊಂಡಿದ್ದೆ. ಅಳು ಬಂತು. ಮೇಡಂ ಏನೂ ಹೇಳಲಿಲ್ಲ, ಸುಮ್ಮನೆ ಕುಳಿತರು. ಮೂರನೇ ವಾರ ಬಾಯಿಗೆ ಬಂದ ಸಮಾಧಾನ ಹೇಳಿದವರು ಅಷ್ಟರಲ್ಲಿ ಸುಮ್ಮನಿರುವುದನ್ನೂ ಕಲಿತಿದ್ದರು.

ಮುಂದಿನ ಭಾನುವಾರ ಹೇಳಿದೆ. ಸಿನಿಮಾದಲ್ಲಿ ಆಗುವಂತೆ ಏನೂ ಆಗಲಿಲ್ಲ. ಆ ಕಡೆ ಬಹಳ ಹೊತ್ತು ಮೌನ. “ಊರ್ ತುಂಬ ಹೇಳೀನಲ್ಲೋ...” ಎಂದು ಅಪ್ಪ ಫೋನಿಟ್ಟ. ನಾಲ್ಕು ದಿನ ಫೋನಿಲ್ಲ. ಅಮ್ಮ ಮಾತ್ರ ಮಾಡಿ ಅತ್ತಳು. ಆ ನಾಲ್ಕು ದಿನ ನನಗೆ ತುಂಬ ಕಷ್ಟವಾಯಿತು, ಎರಡು ಸಲ ಎದೆ ಬಡಿತವೂ ಏರಿತು. ಆದರೆ ನನ್ನ ವಾಕ್ಯ ನಿಜವಾಗಿಯೇ ನಡೆದುಹೋಗಿತ್ತು, ನಾನು ಇನ್ನೂ ಉಸಿರಾಡುತ್ತಿದ್ದೆ. ಐದನೇ ದಿನ ಬೆಳಿಗ್ಗೆ ಅಪ್ಪನ ಫೋನು. “ಶೇಂಗಾ ಕೀಳೋದೈತೆ. ಆಳು ಸಿಕ್ತಿಲ್ಲ. ಬತ್ತೀಯೇನಪ್ಪಾ?”

ಹೋದೆ. ಹತ್ತು ದಿನ ಹೊಲದಲ್ಲಿದ್ದೆ. ಹೋಟೆಲಿನ ಮುಂದೆ ಹಾದುಹೋಗುವಾಗ ಕೆಲವರು ನಕ್ಕರು, ಇಬ್ಬರು ಚುಚ್ಚಿದರು. ಅಪ್ಪ ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. ಅವನು ಕ್ಷಮಿಸಿದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಭಾನುವಾರ ಫೋನ್ ಮಾಡುತ್ತಾನೆ. ಊಟ ಆಯ್ತಾ ಎಂದು ಕೇಳುತ್ತಾನೆ.

ಕೊನೆಯ ಸೆಷನ್

ನವೆಂಬರಿನಲ್ಲಿ ಮೇಡಂಗೆ ಬೇರೆ ವಿಭಾಗಕ್ಕೆ ಪೋಸ್ಟಿಂಗ್ ಆಯಿತು. ಟ್ರೇನಿಗಳ ಬಳಿ ಹೋಗುವವರಿಗೆ ಇದು ದೊಡ್ಡ ಕಷ್ಟ. ನಾವು ಮನಸ್ಸು ಬಿಚ್ಚುವಷ್ಟರಲ್ಲಿ ಅವರು ಹೊರಡುತ್ತಾರೆ. ಒಂದು ತಿಂಗಳು ಮೊದಲೇ ಹೇಳಿದ್ದರು, ಆದರೂ ಸಿಟ್ಟು ಬಂತು. ಅದನ್ನು ಹೇಳಿಯೂ ಬಿಟ್ಟೆ. “ಸಿಟ್ಟು ಬರೋದು ಸಹಜ. ನನಗೂ ಬೇಜಾರಿದೆ” ಎಂದರು. ನನ್ನ ಫೈಲಿನ ಸಾರಾಂಶವನ್ನು ಮುಂದಿನವರಿಗೆ ಕೊಡುವ ಮುನ್ನ ನನಗೆ ಓದಿ ಹೇಳಿ, ಏನಾದರೂ ಬಿಟ್ಟಿದೆಯಾ ಎಂದು ಕೇಳಿದರು.

“ಹುಟ್ಟಿದಾಗ ಅತ್ತಿದ್ನಂತೆ ಮೇಡಂ, ಜೋರಾಗೇ. ಅಮ್ಮ ಹೇಳಿದ್ಲು” ಎಂದೆ. ಮೊದಲ ಹಾಳೆ ತೆಗೆದು, ಆ ಪ್ರಶ್ನೆ ಗುರುತು ಹೊಡೆದು, ಬರೆದುಕೊಂಡರು.

ಈಗ ಇನ್ನೊಬ್ಬ ಟ್ರೇನಿ, ನನ್ನದೇ ವಯಸ್ಸಿನ ಹುಡುಗ, ತಿಂಗಳಿಗೊಮ್ಮೆ ನೋಡುತ್ತಾರೆ. ಡಾಕ್ಟರ ಸಲಹೆಯಂತೆ ಮಾತ್ರೆ ನಿಧಾನಕ್ಕೆ ನಿಂತಿದೆ. ಬೆಳಿಗ್ಗೆ ಒಂದು ಟ್ಯುಟೋರಿಯಲ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ, ಮಧ್ಯಾಹ್ನ ಓದುತ್ತೇನೆ. ಸರ್ಕಾರಿ ಕೆಲಸ ಇನ್ನೂ ಆಗಿಲ್ಲ. ಮೊನ್ನೆ ಒಬ್ಬ ಹುಡುಗ ನನಗೆ ಗೊತ್ತಿಲ್ಲದ ಪ್ರಶ್ನೆ ಕೇಳಿದ. “ಗೊತ್ತಿಲ್ಲ ಕಣೋ, ನಾಳೆ ನೋಡ್ಕೊಂಡು ಬಂದು ಹೇಳ್ತೀನಿ” ಎಂದೆ. ತರಗತಿಯಲ್ಲಿ ಯಾರೂ ನಗಲಿಲ್ಲ.

ನೀವೂ ಹೋಗುವುದಾದರೆ

ಬೋಧನಾ ಆಸ್ಪತ್ರೆಗೋ ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರಕ್ಕೋ ಹೋದರೆ ನಿಮಗೂ ಟ್ರೇನಿ ಸಿಗಬಹುದು. ನಾನು ತಡವಾಗಿ ಕಲಿತದ್ದನ್ನು ನೀವು ಮೊದಲ ದಿನವೇ ಕೇಳಿ. ನಿಮ್ಮ ಮೇಲ್ವಿಚಾರಕರು ಯಾರು? ಎಷ್ಟು ತಿಂಗಳು ಇಲ್ಲಿರುತ್ತೀರಿ? ನನ್ನ ಮಾತನ್ನು ಯಾರ್‍ಯಾರ ಜೊತೆ ಚರ್ಚಿಸುತ್ತೀರಿ? ಈ ಪ್ರಶ್ನೆಗಳಿಗೆ ಅವರು ಬೇಸರಿಸುವುದಿಲ್ಲ, ಬೇಸರಿಸಲೂಬಾರದು. ಕಲಿಕೆಗಾಗಿ ಮಾತನ್ನು ರೆಕಾರ್ಡ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಬಹುದು. ನಾನು ಬೇಡ ಎಂದಿದ್ದೆ, ಅದರಿಂದ ಚಿಕಿತ್ಸೆಯೇನೂ ನಿಲ್ಲಲಿಲ್ಲ. ಅವರ ಮಾತು ನೋಯಿಸಿದರೆ ನನ್ನಂತೆ ತಪ್ಪಿಸಿಕೊಳ್ಳಬೇಡಿ, ನೋವಾಯಿತು ಎಂದು ಅವರಿಗೇ ಹೇಳಿ. ಹೊಂದಿಕೆಯಾಗದಿದ್ದರೆ ಬೇರೆಯವರನ್ನು ಕೇಳಿ.

ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಮೊದಲ ಭೇಟಿಯಲ್ಲೇ, ಮೊದಲ ಮಾತಿನಲ್ಲೇ ಹೇಳಿ. ಟ್ರೇನಿ ಆದವರು ಅದನ್ನು ಒಬ್ಬರೇ ನಿಭಾಯಿಸುವುದಿಲ್ಲ, ಕೂಡಲೇ ಹಿರಿಯರನ್ನು ಕರೆಯುತ್ತಾರೆ. ಆಸ್ಪತ್ರೆಯವರೆಗೆ ಹೋಗಲಾಗದವರಿಗೆ ಟೆಲಿ ಮಾನಸ್ ಇದೆ. ಅಕ್ಟೋಬರ್ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಸಹಾಯವಾಣಿ ಅದು. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನನ್ನ ಮೊದಲ ಮೇಡಂ ಈಗ ಎಂ.ಫಿಲ್. ಮುಗಿಸುವ ಹೊತ್ತಾಗಿರಬೇಕು. ಅವರಿಗೂ ಪರೀಕ್ಷೆ ಇರುತ್ತದೆ, ಅವರ ಫಲಿತಾಂಶಕ್ಕೂ ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ. ಒಳ್ಳೆಯದಾಗಲಿ. ಒಂದು ವೇಳೆ ಒಂದೂವರೆ ಅಂಕ ಕಡಿಮೆ ಬಂದರೂ ಅವರು ಅದೇ ದಿನ ಮನೆಗೆ ಫೋನ್ ಮಾಡಿ ನಿಜ ಹೇಳುತ್ತಾರೆ. ಅಷ್ಟು ಮಾತ್ರ ನನಗೆ ಗೊತ್ತು.